ತಪ್ಪೇ ಇಲ್ಲದ ಕೇಸು

'ಗಾಡ್ಸ್ ನಾಟ್ ಡೆಡ್ 2' (2016) ನೋಡಿ ಮುಗಿಸಿದ ಮೇಲೆ ತಲೆಯಲ್ಲಿ ಉಳಿಯೋದು ಒಂದೇ ಪ್ರಶ್ನೆ: ಈ ಟೀಚರ್ ಮಾಡಿದ ತಪ್ಪಾದರೂ ಏನು?

ಕಥೆ ನಡೆಯೋದು ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ. ಸರ್ಕಾರಿ ಹೈಸ್ಕೂಲಿನ ಇತಿಹಾಸದ ಟೀಚರ್ ಗ್ರೇಸ್, ಗಾಂಧಿ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಪಾಠ ಮಾಡ್ತಿದ್ದಾಳೆ. ಬ್ರೂಕ್ ಅನ್ನೋ ಹುಡುಗಿ, ಈ ಅಹಿಂಸೆ ಯೇಸು ಹೇಳಿದ್ದರ ಥರಾನೇ ಇದೆಯಲ್ವಾ ಅಂತ ಕೇಳ್ತಾಳೆ. ಗ್ರೇಸ್ ಹೌದು ಅಂತ ಹೇಳಿ ಬೈಬಲ್ಲಿನ ಮಾತು ಉಲ್ಲೇಖಿಸ್ತಾಳೆ. ಅಷ್ಟಕ್ಕೇ ಕೇಸು, ಕೋರ್ಟು, ಕೆಲಸ ಹೋಗೋ ಭಯ. ಗ್ರೇಸ್ ಪಾತ್ರದ ಮೆಲಿಸ್ಸಾ ಜೋನ್ ಹಾರ್ಟ್ ಎಲ್ಲೂ ಕಿರುಚಾಡದೆ ನಟಿಸಿದ್ದಾರೆ. ಹುಡುಗಿಯ ಪ್ರಶ್ನೆಯೂ ಚೆನ್ನಾಗಿದೆ. ಗಾಂಧಿಗೆ ಯೇಸುವಿನ ಗಿರಿಪ್ರವಚನ ಎಷ್ಟು ಇಷ್ಟ ಅನ್ನೋದು ಗೊತ್ತಿರೋ ವಿಷಯವೇ.

ತೊಂದರೆ ಕೋರ್ಟಿನಲ್ಲಿ ಶುರು. ಟೀಚರ್ ಏನು ಹೇಳಬಹುದು ಅನ್ನೋ ವಾದ, ಯೇಸು ನಿಜವಾಗಿ ಇದ್ದನೇ ಅನ್ನೋ ಕಡೆ ತಿರುಗುತ್ತೆ. ಲೀ ಸ್ಟ್ರೋಬೆಲ್ ಥರದ ನಿಜ ಲೇಖಕರೇ ಸಾಕ್ಷಿ ಹೇಳೋಕೆ ಬರ್ತಾರೆ. ಇದು ಪ್ರವಚನ, ವಿಚಾರಣೆ ಅಲ್ಲ.

ಅಸಲಿಗೆ ಕಾನೂನು ಏನು ಹೇಳುತ್ತೆ? ಸರ್ಕಾರವೇ ಬರೆದ 22 ಪದದ ಪ್ರಾರ್ಥನೆಯನ್ನ ಶಾಲೆಯಲ್ಲಿ ಹೇಳಿಸಬಾರದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. ಮರುವರ್ಷ, ಭಕ್ತಿಗಾಗಿ ಬೈಬಲ್ ಓದಿಸೋದನ್ನೂ ನಿಲ್ಲಿಸಿತು. ಆದರೆ ಅದೇ ತೀರ್ಪಿನಲ್ಲಿ, ಬೈಬಲ್ಲನ್ನ ಸಾಹಿತ್ಯವಾಗಿ, ಇತಿಹಾಸವಾಗಿ ಪಾಠ ಮಾಡಬಹುದು ಅಂತಲೂ ಹೇಳಿತು. ಅಂದರೆ ಗ್ರೇಸ್ ಮಾಡಿದ್ದು ಪಾಠ, ಅಷ್ಟೇ. ಮಕ್ಕಳ ಹಕ್ಕಂತೂ ಇನ್ನೂ ಗಟ್ಟಿ. ಶಾಲೆಯಲ್ಲಿ ಚೆಸ್ ಕ್ಲಬ್‌ಗೆ ಜಾಗ ಇದ್ದರೆ ಬೈಬಲ್ ಕ್ಲಬ್‌ಗೂ ಇರಬೇಕು ಅಂತ 1984ರಲ್ಲೇ ಕಾಯ್ದೆ ಬಂತು. 1990ರಲ್ಲಿ ನೆಬ್ರಾಸ್ಕದ ಒಬ್ಬ ವಿದ್ಯಾರ್ಥಿನಿ ಅದರ ಬಲದಿಂದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು.

ಸಿನಿಮಾದ ವಿಲನ್ ಎ.ಸಿ.ಎಲ್.ಯು. ಅನ್ನೋ ನಾಗರಿಕ ಹಕ್ಕುಗಳ ಸಂಸ್ಥೆ. ನಿಜ ಜೀವನದಲ್ಲಿ ಇದೇ ಸಂಸ್ಥೆಯ ನ್ಯೂಜೆರ್ಸಿ ಘಟಕ 2006ರಲ್ಲಿ ಎರಡನೇ ಕ್ಲಾಸಿನ ಒಂದು ಪುಟ್ಟ ಹುಡುಗಿಯ ಪರ ನಿಂತಿತ್ತು. ಶಾಲೆಯ ಟ್ಯಾಲೆಂಟ್ ಶೋನಲ್ಲಿ ಕ್ರೈಸ್ತ ಭಕ್ತಿಗೀತೆ ಹಾಡೋಕೆ ಅವಳಿಗೆ ಹಕ್ಕಿದೆ ಅನ್ನೋದು ಅವರ ವಾದ. ಗೆದ್ದಿದ್ದೂ ಅವಳೇ. ಇಷ್ಟು ಒಳ್ಳೆ ಕಥೆಯನ್ನ ಬಿಟ್ಟು ಸಿನಿಮಾ ವಿಲನ್ನನ್ನ ಕಟ್ಟೋಕೆ ಹೋಗಿದೆ.

ನಿಜವಾಗಿ ಕಷ್ಟದ ಪ್ರಶ್ನೆ ಬೇರೆ ಇದೆ: ಶಾಲೆಯ ಅಧಿಕಾರ ಬೆನ್ನಿಗಿರುವ ಮಾತಿನ ಭಾರ. ಟೆಕ್ಸಸ್‌ನ ಸಾಂಟಾ ಫೆಯಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಪ್ರಾರ್ಥನೆ ಹೇಳಿಸ್ತಿದ್ದರು. 2000ದಲ್ಲಿ ಅದನ್ನ ನಿಲ್ಲಿಸಿದ ಕೇಸು ಹಾಕಿದ್ದು ನಾಸ್ತಿಕರಲ್ಲ. ಒಂದು ಕ್ಯಾಥೊಲಿಕ್ ಕುಟುಂಬ, ಒಂದು ಮಾರ್ಮನ್ ಕುಟುಂಬ. ಇಬ್ಬರೂ ಯೇಸುವನ್ನ ನಂಬೋರೇ. 2022ರಲ್ಲಿ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನ ಕೋಚ್ ಜೋಸೆಫ್ ಕೆನಡಿ ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮಾಡ್ತಿದ್ದ ಪ್ರಾರ್ಥನೆ ವೈಯಕ್ತಿಕ, ಒತ್ತಾಯ ಇಲ್ಲ ಅಂತ ಕೋರ್ಟ್ 6-3ರಲ್ಲಿ ಹೇಳಿತು. ಆದರೆ ಪ್ರಾರ್ಥನೆಗೆ ಸೇರದಿದ್ದರೆ ಆಡೋ ಅವಕಾಶ ತಪ್ಪುತ್ತೆ ಅಂತ ತನ್ನ ಮಗ ಹೆದರಿದ್ದ ಅನ್ನೋ ಒಬ್ಬ ಪೋಷಕರ ದೂರೂ ದಾಖಲೆಯಲ್ಲಿದೆ. ಮ್ಯಾನೇಜರ್ ಮೀಟಿಂಗಿಗೆ ಕರೆದು 'ಆಪ್ಷನಲ್' ಅಂತ ಬರೆದರೆ ನಮ್ಮಲ್ಲಿ ಎಷ್ಟು ಜನ ತಪ್ಪಿಸ್ಕೋತೀವಿ? ಅಪ್ರೈಸಲ್ ಬರೆಯೋ ಕೈಗೆ ನಾವೇ ಹೆದರ್ತೀವಿ. ಇನ್ನು ಹದಿನಾರು ವರ್ಷದ ಹುಡುಗ?

ಆ ಹುಡುಗನಂಥವರ ಮನಸ್ಸಿನೊಳಗೆ ಈ ಸಿನಿಮಾ ಹೋಗೋದೇ ಇಲ್ಲ. ಗ್ರೇಸ್‌ಳ ಧೈರ್ಯ ಅದಕ್ಕೆ ಮುಖ್ಯ. ಅವಳ ಎದುರು ಕೂತ, ಬೇರೆ ನಂಬಿಕೆಯ ಮಗು ಮುಖ್ಯ ಅಲ್ಲ.

ಗಾಂಧಿಯ ಹೆಸರು ತೆಗೆದವರು ಗಾಂಧಿಯ ಆತ್ಮಕಥೆಯನ್ನಾದರೂ ನೋಡಬಹುದಿತ್ತು. ರಾಜಕೋಟೆಯ ಹೈಸ್ಕೂಲಿನ ಹತ್ತಿರದ ಮೂಲೆಯಲ್ಲಿ ಮಿಷನರಿಗಳು ನಿಂತು ಹಿಂದೂಗಳನ್ನೂ ಅವರ ದೇವರುಗಳನ್ನೂ ಬೈತಿದ್ದರಂತೆ. ಹುಡುಗ ಗಾಂಧಿ ಒಂದೇ ಸಲ ಕೇಳಿ, ಮತ್ತೆ ಅಲ್ಲಿ ನಿಲ್ಲಲಿಲ್ಲ. ಮುಂದೆ ಲಂಡನ್ನಿನ ಸಸ್ಯಾಹಾರಿ ವಸತಿಗೃಹದಲ್ಲಿ ಮ್ಯಾಂಚೆಸ್ಟರಿನ ಒಬ್ಬ ಸಜ್ಜನ ಕ್ರೈಸ್ತ ಬೈಬಲ್ ಓದಿ ಅಂದಾಗ ಓದಿದರು. ಗಿರಿಪ್ರವಚನ ನೇರ ಮನಸ್ಸಿಗೆ ನಾಟಿತು. ಎರಡೂ ಕಡೆ ಧರ್ಮ ಒಂದೇ. ಅಲ್ಲಿ ಬೈಗುಳ ಇತ್ತು, ಇಲ್ಲಿ ಸ್ನೇಹ. ಎರಡೂ ಕಡೆ ಬೇಡ ಅಂದ್ರೆ ಎದ್ದು ಹೋಗಬಹುದಿತ್ತು. ಕ್ಲಾಸಿನಲ್ಲಿ ಕೂತ ಮಗು ಎಲ್ಲಿಗೆ ಹೋಗುತ್ತೆ?