ಗೋಡೆಗೇರಿದ ಕೌದಿ: ಸ್ಥಳಾಂತರದ ಕಲೆ ಮತ್ತು ಧರ್ಮಸಭೆಯ ಸ್ಮರಣೆ

2011ರಲ್ಲಿ ನ್ಯೂಯಾರ್ಕ್ ನಗರದ ಶೋಂಬರ್ಗ್ ಸಂಶೋಧನಾ ಕೇಂದ್ರದಲ್ಲಿ ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿದ ಕೌದಿಗಳ ಪ್ರದರ್ಶನವೊಂದು ನಡೆಯಿತು. ಅದನ್ನು ರೂಪಿಸಿದವರು ಆಫ್ರಿಕನ್ ಕಲೆಯ ಇತಿಹಾಸಕಾರ ಹೆನ್ರಿ ಡ್ರೂವಲ್. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನ ಮನೆಗಳಲ್ಲಿ ಮಕ್ಕಳು ಹೊದ್ದು ಮಲಗುವ ಬಟ್ಟೆ ಅಲ್ಲಿ ಕಲಾಕೃತಿಯಾಗಿ ಗೋಡೆಗೇರಿತು. ನೆಲೆ ಕಳೆದುಕೊಂಡವರ ಕಲೆಯನ್ನು ಪ್ರದರ್ಶಿಸುವುದೆಂದರೇನು ಎಂಬ ಪ್ರಶ್ನೆಯನ್ನು ಈ ನಿದರ್ಶನ ನಮ್ಮೆದುರು ಇಡುತ್ತದೆ. ಅದಕ್ಕೆ ಉತ್ತರಿಸಬೇಕಾದವರು ನ್ಯೂಯಾರ್ಕಿನವರಿಗಿಂತ ಮೊದಲು ನಾವು.

ಮೊದಲು ಕೌದಿಯನ್ನೇ ನೋಡೋಣ. ಸವೆದ ಸೀರೆ, ಅಂಗಿ, ಲಂಗಗಳ ತುಂಡುಗಳೇ ಅದರ ಸಾಮಗ್ರಿ. ಒಂದು ಮೂಲೆಯಿಂದ ಆರಂಭವಾಗುವ ಹೊಲಿಗೆ ಅಂಚಿನುದ್ದಕ್ಕೂ ಸುತ್ತುತ್ತಾ ಒಳಮುಖವಾಗಿ ಸಾಗಿ ನಡುವಿನಲ್ಲಿ ಮುಗಿಯುತ್ತದೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಕೂರಿಸುತ್ತಾರೆ. ಅವಕ್ಕೆ ‘ಫುಲ’, ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಕಥೋಲಿಕ ಸಿದ್ದಿಗಳ ಕೆಲವು ಕೌದಿಗಳಲ್ಲಿ ಶಿಲುಬೆಯ ಆಕಾರವೂ ಮೂಡುತ್ತದೆ. ಬಡತನವು ಚಿಂದಿಯನ್ನು ಒದಗಿಸಿತು. ಹೂವನ್ನು ಇಟ್ಟವಳು ಹೊಲಿದವಳೇ. ಇದನ್ನು ಕಲೆಯೆಂದು ಗುರುತಿಸಿ, ಹೊಲಿದವರನ್ನು ಕಲಾವಿದೆಯರೆಂದು ಕರೆದದ್ದು ಆ ಪ್ರದರ್ಶನದ ನಿಜವಾದ ಹಿರಿಮೆ.

ಆದರೆ ಅದರ ಶೀರ್ಷಿಕೆಯನ್ನು ಗಮನಿಸಬೇಕು. ಕೌದಿಗಳು ಯಾರವು ಎಂದು ಹೇಳುವಾಗ ಅದು ‘ಭಾರತದಲ್ಲಿನ ಆಫ್ರಿಕನ್ನರು’ ಎನ್ನುತ್ತದೆ; ಸಿದ್ದಿಗಳೆಂಬ ಹೆಸರು ಆವರಣ ಚಿಹ್ನೆಯೊಳಗೆ ಸೇರಿದೆ. ಗುಲಾಮಗಿರಿಯ ನೆನಪನ್ನು ಹೊತ್ತಿರುವ ಹಾರ್ಲೆಮ್‌ನ ಕಪ್ಪು ಜನರಿಗೆ ಇದು ದೂರದ ಬಂಧುಗಳ ಗುರುತು ಹಿಡಿದ ಸಂತೋಷವಿರಬಹುದು. ಇಲ್ಲಿಯ ಅರ್ಥ ಬೇರೆ. ತಲೆಮಾರುಗಳಿಂದ ಕೊಂಕಣಿ, ಕನ್ನಡಗಳನ್ನಾಡುತ್ತಾ ಬಂದ ಈ ಜನರನ್ನು ‘ಎಲ್ಲಿಯವರು’ ಎಂದು ಕೇಳುವ ಸಮಾಜ ಇನ್ನೂ ಇದೆ. ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರನ್ನು ಕಿತ್ತು ತಂದ ನೆಲದ ಹೆಸರಿನಿಂದಲೇ ಮತ್ತೆ ಕರೆದರೆ, ಇಲ್ಲಿ ಅವರು ಬೇರೂರಿದ ಬದುಕು ಆವರಣದೊಳಗೇ ಉಳಿದುಬಿಡುತ್ತದೆ.

ಕಿತ್ತು ತಂದವರು ಯಾರು? ಇವರ ಪೂರ್ವಜರಲ್ಲಿ ಬಹುಪಾಲು ಜನ ಪೋರ್ಚುಗೀಸರು ಗೋವೆಗೆ ತಂದ ಗುಲಾಮರು. ಅವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. 1452ರಲ್ಲಿ ಜಗದ್ಗುರು ಐದನೆಯ ನಿಕೋಲಾಸರು ಹೊರಡಿಸಿದ ಶಾಸನವು ಕ್ರೈಸ್ತರಲ್ಲದವರನ್ನು ಶಾಶ್ವತ ದಾಸ್ಯಕ್ಕೆ ತಳ್ಳಲು ಪೋರ್ಚುಗಲ್ಲಿನ ದೊರೆಗೆ ಅನುಮತಿಯಿತ್ತಿತು. ಗೋವೆಯ ಧಾರ್ಮಿಕ ಸಂಸ್ಥೆಗಳಲ್ಲಿಯೂ ಗುಲಾಮರು ದುಡಿದರು. ಜ್ಞಾನಸ್ನಾನ ಪಡೆದರೂ ಅವರ ಸಂಕೋಲೆ ಕಳಚಲಿಲ್ಲ. ಅಂಥ ಶಾಸನಗಳು ಮೂಲನಿವಾಸಿಗಳ ಸಮಾನ ಘನತೆಯನ್ನು ತಕ್ಕಷ್ಟು ಪ್ರತಿಬಿಂಬಿಸಲಿಲ್ಲವೆಂದು ವ್ಯಾಟಿಕನ್ ಹೇಳಿದ್ದು 2023ರ ಮಾರ್ಚ್ 30ರಂದು. ಆದ್ದರಿಂದ ಕೌದಿಯ ಮೇಲಿನ ಶಿಲುಬೆಯನ್ನು ಸುವಾರ್ತಾ ಪ್ರಸಾರದ ಫಲವೆಂದು ಸುಲಭವಾಗಿ ಕೊಂಡಾಡುವ ಹಕ್ಕು ನಮಗಿಲ್ಲ. ಒಡೆಯನ ಕೈಯಲ್ಲಿದ್ದ ಶಿಲುಬೆಯನ್ನು ದಾಸರ ಮೊಮ್ಮಕ್ಕಳು ತಮ್ಮದಾಗಿಸಿಕೊಂಡರು. ಅದು ಅವರ ದೈವಶಾಸ್ತ್ರ, ನಮ್ಮ ಸಾಧನೆಯಲ್ಲ.

137ನೆಯ ಕೀರ್ತನೆಯಲ್ಲಿ ಸೆರೆಹಿಡಿದವರೇ ಸೆರೆಯಾಳುಗಳಿಂದ ಹಾಡನ್ನು ಬಯಸುತ್ತಾರೆ. ಸ್ಥಳಾಂತರವನ್ನು ಕುರಿತ ಪ್ರತಿಯೊಂದು ಪ್ರದರ್ಶನಕ್ಕೂ ಈ ಅಪಾಯ ತಪ್ಪಿದ್ದಲ್ಲ. ಹಾಗೆಂದು ಎಲ್ಲವನ್ನೂ ನಮ್ಮ ಪಶ್ಚಾತ್ತಾಪದ ಕಥೆಯಾಗಿಸಿದರೆ ಅದೂ ಅವರ ಜಾಗವನ್ನು ಕಬಳಿಸಿದಂತೆಯೇ. ಕೌದಿ ಅಳುವುದಿಲ್ಲ; ಅದು ಮಗುವನ್ನು ಬೆಚ್ಚಗಿಡುತ್ತದೆ. ನಮ್ಮ ತಪ್ಪೊಪ್ಪಿಗೆ ಚಿಕ್ಕದಾಗಿರಲಿ, ಆದರೆ ಪ್ರವೇಶದ್ವಾರದಲ್ಲಿಯೇ ಇರಲಿ.

ಪ್ರದರ್ಶನ ರೂಪಿಸುವವರನ್ನು ಇಂದು ಕ್ಯುರೇಟರ್ ಎನ್ನುತ್ತೇವೆ. ಅದರ ಮೂಲ ಲತೀನಿನ ‘ಕೂರಾ’, ಅಂದರೆ ಪಾಲನೆ. ಗುರುಗಳಾದ ನಮಗೆ ಒಪ್ಪಿಸಲಾದ ಆತ್ಮಪಾಲನೆಗೂ ಅದೇ ಪದ. ಪಾಲನೆಯೆಂದರೆ ವಸ್ತುವನ್ನು ಧೂಳಿನಿಂದ ಕಾಪಾಡುವುದಷ್ಟೇ ಅಲ್ಲ, ಅದನ್ನು ಮಾಡಿದವರಿಗೆ ಉತ್ತರದಾಯಿಯಾಗಿರುವುದು. ಶಿರಸಿಯಲ್ಲೋ ಯಲ್ಲಾಪುರದಲ್ಲೋ ನಮ್ಮ ಧರ್ಮಕೇಂದ್ರವೊಂದು ಇಂಥ ಪ್ರದರ್ಶನಕ್ಕೆ ಸಭಾಂಗಣ ತೆರೆಯುವುದಾದರೆ, ಹೊಲಿದವರ ಹೆಸರು ಅವರು ಹೇಳಿದಂತೆಯೇ ಕನ್ನಡದಲ್ಲೂ ಕೊಂಕಣಿಯಲ್ಲೂ ಇರಬೇಕು. ಬೆಲೆಯನ್ನು ಅವರೇ ನಿರ್ಧರಿಸಬೇಕು. 1452ರ ಶಾಸನದ ಸಾರ ಕೌದಿಯ ಪಕ್ಕದಲ್ಲೇ ಓದಲು ಸಿಗಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿದ್ದಿ ಕುಟುಂಬಗಳು ಸಲ್ಲಿಸಿದ ಅರ್ಜಿಗಳ ವಿಷಯವೂ ಅಲ್ಲಿ ಬರಬೇಕು, ಏಕೆಂದರೆ ನೆಲೆಯ ಪ್ರಶ್ನೆ ಹಳೆಯದಾಗಿ ಮುಗಿದಿಲ್ಲ. ಸಿದ್ದಾಪುರದ ಗಡಿಯಾಚೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯನ್ನು ಕಂಡ ಸೀಮೆಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಉದ್ಘಾಟನೆಯನ್ನು ಹೊಲಿದವರೇ ಮಾಡಲಿ. ಅಂದು ಗುರುಗಳ ಸ್ಥಾನ ವೇದಿಕೆಯ ಮೇಲಲ್ಲ, ಕೇಳುವವರ ಸಾಲಿನಲ್ಲಿ.