ಶ್ಯಾಮ್ ಬೆನೆಗಲ್ ಅವರ ಇತಿಹಾಸದೃಷ್ಟಿ

ಇತಿಹಾಸದ ಅಧ್ಯಾಪಕರಾದ ನಾವು ಚಲನಚಿತ್ರವನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಪರಿಗಣಿಸುವುದು ವಿರಳ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅಶೋಕನನ್ನೂ ಅಕ್ಬರನನ್ನೂ ಗ್ರಂಥದಲ್ಲಿ ಕಾಣುವ ಮೊದಲೇ ತೆರೆಯ ಮೇಲೆ ಕಂಡಿರುತ್ತಾರೆ. ಆದುದರಿಂದ 1974ರ ‘ಅಂಕುರ್’ನಿಂದ 2023ರ ‘ಮುಜಿಬ್’ವರೆಗೆ ದುಡಿದು, 2024ರ ಡಿಸೆಂಬರಿನಲ್ಲಿ ನಿಧನರಾದ ಶ್ಯಾಮ್ ಬೆನೆಗಲ್ ಅವರ ಕೃತಿಗಳನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚುವುದು ಅಪ್ರಸ್ತುತವಾಗಲಾರದು.

1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ನೀಡಿದರು. ಹಣವಿತ್ತವರ ಗುಣಗಾನಕ್ಕೆ ಇಲ್ಲಿ ಅವಕಾಶವಿದ್ದಿತು. ಆದರೂ ಸಹಕಾರ ಸಂಘದೊಳಗಿನ ಜಾತಿವೈಷಮ್ಯವನ್ನು ಚಿತ್ರವು ಮರೆಮಾಚುವುದಿಲ್ಲ. ಗಿರೀಶ ಕಾರ್ನಾಡರು ಅಭಿನಯಿಸಿದ ಪಶುವೈದ್ಯನು ಕಾರ್ಯ ಪೂರೈಸುವ ಮೊದಲೇ ಊರು ಬಿಡುತ್ತಾನೆ. ಸಂಘದ ಹೊಣೆ ಹಳ್ಳಿಗರ ಮೇಲೆಯೇ ಬೀಳುತ್ತದೆ.

1988ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಭಾರತ್ ಏಕ್ ಖೋಜ್’ 53 ಕಂತುಗಳ ಮಾಲಿಕೆ. ನೆಹರೂ ಅವರು 1944ರಲ್ಲಿ ಅಹಮದ್‌ನಗರದ ಕೋಟೆಯ ಸೆರೆಯಲ್ಲಿ ಬರೆದ ಗ್ರಂಥವೇ ಇದರ ಆಧಾರ. ಆದರೆ ಬೆನೆಗಲ್ ಅವರು ಗ್ರಂಥವನ್ನು ಬರಿದೆ ಓದಿಸಲಿಲ್ಲ. ರೋಶನ್ ಸೇಠ್ ಅವರ ನೆಹರೂ ಒಂದು ಕಡೆ, ಓಂ ಪುರಿಯವರ ನಿರೂಪಣೆ ಇನ್ನೊಂದು ಕಡೆ, ಇವೆರಡರ ನಡುವೆ ನಾಟಕೀಯ ದೃಶ್ಯಗಳು. ಹೀಗೆ ಗ್ರಂಥಕಾರನ ಮಾತೇ ಕೊನೆಯ ಮಾತಾಗದೆ, ನೋಡುಗನ ವಿವೇಚನೆಗೆ ಎಡೆ ಉಳಿಯುತ್ತದೆ.

‘ಮುಜಿಬ್’ನಲ್ಲಿ ಈ ಎಡೆ ಕಿರಿದಾಗಿದೆ ಎಂಬುದು ನಮ್ಮ ಅಭಿಪ್ರಾಯ. ನಾಯಕನೊಡನೆ ವಾದಿಸಬಲ್ಲ ಸಮಬಲದ ದನಿ ಅಲ್ಲಿ ಕೇಳಿಬರುವುದಿಲ್ಲ. ಭಾರತ ಮತ್ತು ಬಾಂಗ್ಲಾದೇಶ ಸರ್ಕಾರಗಳ ಧನಸಹಾಯವೇ ಇದಕ್ಕೆ ಕಾರಣವೆಂದು ಕೆಲವರು ಹೇಳಬಹುದು. ಆದರೆ ದೂರದರ್ಶನವೂ ಸರ್ಕಾರದ್ದೇ. 2014ರಲ್ಲಿ ರಾಜ್ಯಸಭಾ ವಾಹಿನಿಗಾಗಿ ನಿರ್ಮಿಸಿದ ‘ಸಂವಿಧಾನ್’ 10 ಕಂತುಗಳಲ್ಲಿ ಸಂವಿಧಾನ ಸಭೆಯ ವಾಗ್ವಾದಗಳನ್ನು ತೆರೆಗೆ ತಂದಿತು. ಆದುದರಿಂದ ಧನದ ಮೂಲವೊಂದೇ ಸಾಕಾದ ವಿವರಣೆಯಲ್ಲ. ಜನಸಮೂಹವೋ ಸಭೆಯೋ ವಸ್ತುವಾದಾಗ ಬೆನೆಗಲ್ ಅವರ ಸಂಶಯಬುದ್ಧಿ ಜಾಗೃತವಾಗಿರುತ್ತದೆ. ಮಹಾಪುರುಷನೊಬ್ಬನೇ ವಸ್ತುವಾದಾಗ ಗೌರವವು ಅದನ್ನು ಮಂದಗೊಳಿಸುತ್ತದೆ.

ಇದು ಅವರ ಸಾಧನೆಯನ್ನು ಕಿರಿದುಗೊಳಿಸುವ ಮಾತಲ್ಲ. ಜೀವನಚರಿತ್ರೆಯನ್ನು ಬರೆಯುವಾಗ ನಮ್ಮನ್ನೂ ಕಾಡುವ ದೋಷವಿದು. ಈ ಕೃತಿಗಳನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು, ಯಾರ ದನಿ ಇಲ್ಲಿ ಕೇಳಿಸಲಿಲ್ಲವೆಂದು ವಿದ್ಯಾರ್ಥಿಗಳನ್ನು ಪ್ರಶ್ನಿಸಿದರೆ, ಇತಿಹಾಸದ ಪಾಠ ಅಲ್ಲಿಂದಲೇ ಆರಂಭವಾದೀತು.