ಶಾಸನಪಠನದಲ್ಲಿ ಕ್ಷಣಾರ್ಥ: ಒಂದು ವಿಮರ್ಶೆ

ಪರದೆಯ ಮೇಲೆ ಪಠ್ಯವೊಂದನ್ನು ಓದುವಾಗ ತಿಳಿಯದ ಪದವನ್ನು ಕ್ಲಿಕ್ ಮಾಡಿದೊಡನೆ ಅದರ ಅರ್ಥವು ಪಕ್ಕದಲ್ಲಿಯೇ ಪುಟ್ಟ ಚೌಕಟ್ಟಿನಲ್ಲಿ ಮೂಡುವ ಏರ್ಪಾಡು ಈಗ ಬಳಕೆಗೆ ಬಂದಿದೆ. ಇದರಿಂದ ವಾಚಕನ ಶ್ರಮ ಉಳಿಯುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕನ್ನಡ ಶಾಸನಗಳನ್ನು ಚರಿತ್ರೆಯ ಆಧಾರಗಳಾಗಿ ಓದುವ ವಿದ್ಯಾರ್ಥಿಗೆ ಇದು ಎಷ್ಟರಮಟ್ಟಿಗೆ ನೆರವಾದೀತೆಂಬುದನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಈ ಏರ್ಪಾಡಿನಲ್ಲಿ ಎರಡು ಕಾರ್ಯಗಳು ಅಡಗಿವೆ. ಕಂಡ ರೂಪದಿಂದ ನಿಘಂಟಿನ ಮೂಲಪದವನ್ನು ಗುರುತಿಸುವುದು ಮೊದಲನೆಯದು. ಆ ಪದದ ಅರ್ಥಗಳಲ್ಲಿ ಸಂದರ್ಭಕ್ಕೆ ಒಪ್ಪುವುದನ್ನು ಕೊಡುವುದು ಎರಡನೆಯದು. ಕನ್ನಡದಲ್ಲಿ ಮೊದಲನೆಯದೇ ಸುಲಭಸಾಧ್ಯವಲ್ಲ. ಪ್ರತ್ಯಯಗಳನ್ನು ಕಳಚಬೇಕು, ಸಂಧಿಯನ್ನು ಬಿಡಿಸಬೇಕು, ‘ಪೆರ್ಗಡೆ’ಯನ್ನು ‘ಹೆಗ್ಗಡೆ’ಯೊಡನೆ ಕೂಡಿಸಬೇಕು. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಖಡ್ಗ; ‘ೞ’ಕಾರವು ಬಳಕೆ ತಪ್ಪಿದ ಮೇಲೆ ಇವೆರಡೂ ಒಂದೇ ರೂಪವನ್ನು ತಾಳಿದವು. ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಹಲ್ಮಿಡಿ ಶಾಸನದಲ್ಲಿ ಬರುವ, ಕತ್ತಿ ತೊಳೆಯುವುದರಿಂದ ಹೆಸರು ಪಡೆದ ವೀರದತ್ತಿಗೆ ಈ ಭೇದವರಿಯದ ಯಂತ್ರವು ಬದುಕಿನ ಅರ್ಥವನ್ನು ಅಂಟಿಸಿದರೆ ಆಶ್ಚರ್ಯವಿಲ್ಲ.

ಎರಡನೆಯ ಕಾರ್ಯದಲ್ಲಿ ಅಪಾಯವು ಇನ್ನೂ ಹೆಚ್ಚು. ‘ಮಹಾಜನ’ವೆಂದರೆ ಇಂದು ಸಾರ್ವಜನಿಕರು, ಅಗ್ರಹಾರಗಳ ಶಾಸನಗಳಲ್ಲಿ ಅದು ಅಲ್ಲಿನ ಆಡಳಿತವನ್ನು ನಡೆಸುತ್ತಿದ್ದ ಬ್ರಾಹ್ಮಣರ ಸಮೂಹ. ಚೌಕಟ್ಟು ಇಂದಿನ ಅರ್ಥವನ್ನಷ್ಟೇ ತೋರಿಸಿದರೆ, ಊರಿನವರೆಲ್ಲರೂ ಕೂಡಿ ನಿರ್ಣಯಿಸುತ್ತಿದ್ದರೆಂದು ವಿದ್ಯಾರ್ಥಿ ಬರೆದಾನು. ಆಗ ಆ ಸಮೂಹದ ಹೊರಗಿದ್ದ ಒಕ್ಕಲುಗಳೂ ಕುಶಲಕರ್ಮಿಗಳೂ ಚರಿತ್ರೆಯಲ್ಲಿ ತಮಗಿಲ್ಲದ ಅಧಿಕಾರವನ್ನು ಪಡೆದಂತಾಗುತ್ತದೆ. ಅವರ ನಿಜಸ್ಥಿತಿ ಮರೆಯಾಗುತ್ತದೆ. ಶಾಸನಗಳಲ್ಲಿ ಆಡಳಿತ ವಿಭಾಗವನ್ನು ಸೂಚಿಸುವ ‘ನಾಡು’ ಶಬ್ದವನ್ನು ದೇಶವೆಂದು ತಿಳಿದರೂ ಇದೇ ಬಗೆಯ ಪ್ರಮಾದ ಸಂಭವಿಸುವುದು.

ಹಾಗೆಂದು ಈ ಸಾಧನವೇ ತ್ಯಾಜ್ಯವೆಂದು ನಾವು ಹೇಳುವುದಿಲ್ಲ. 1980ರ ದಶಕದಲ್ಲಿ ಆರಂಭವಾಗಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದಲ್ಲಿ ಬೆಳೆದ ಪರ್ಸಿಯಸ್ ಗಣಕ ಗ್ರಂಥಾಲಯವನ್ನು ನೋಡಬಹುದು. ಅಲ್ಲಿ ಗ್ರೀಕ್ ಪದವೊಂದನ್ನು ಒತ್ತಿದರೆ ಸಾಧ್ಯವಾದ ವ್ಯಾಕರಣರೂಪಗಳೆಲ್ಲವೂ ಕಾಣಿಸುತ್ತವೆ. ಅಲ್ಲಿಂದ ಲಿಡೆಲ್ ಮತ್ತು ಸ್ಕಾಟರ ನಿಘಂಟಿಗೆ ಹೋಗಿ, ಯಾವ ಗ್ರಂಥಕಾರನು ಯಾವ ಅರ್ಥದಲ್ಲಿ ಪದವನ್ನು ಬಳಸಿದನೆಂಬುದನ್ನು ಕಾಣಬಹುದು. ಒಂದೇ ಉತ್ತರವನ್ನು ವಿಧಿಸದೆ, ವಿವೇಚಿಸುವ ಹೊಣೆಯನ್ನು ಓದುಗನಿಗೇ ಬಿಟ್ಟಿರುವುದು ಅದರ ಗುಣ.

ಕನ್ನಡದಲ್ಲಿಯೂ ಇದಕ್ಕೆ ಬೇಕಾದ ಸಾಮಗ್ರಿ ಇಲ್ಲದಿಲ್ಲ. 1894ರ ಕಿಟ್ಟೆಲ್ ನಿಘಂಟು ಇದೆ. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಸಾಹಿತ್ಯ ಪರಿಷತ್ತಿನ ನಿಘಂಟು ಕಾವ್ಯಶಾಸನಗಳ ಪ್ರಯೋಗಗಳನ್ನೂ ಕೊಡುತ್ತದೆ. ಆದುದರಿಂದ ಚೌಕಟ್ಟಿನಲ್ಲಿ ಅರ್ಥದ ಜೊತೆಗೆ ಅದರ ಕಾಲವೂ ಒಂದು ಪ್ರಯೋಗವೂ ಇರತಕ್ಕದ್ದು. ಅರ್ಥವು ಸಂದಿಗ್ಧವಾಗಿದ್ದರೆ ಅದನ್ನು ಸ್ಪಷ್ಟವಾಗಿ ಸೂಚಿಸತಕ್ಕದ್ದು. ಇಷ್ಟಿಲ್ಲದ ಅರ್ಥವು ಓದಿಗೆ ಊರುಗೋಲಾದೀತೇ ಹೊರತು ಚರಿತ್ರೆಗೆ ಪ್ರಮಾಣವಾಗಲಾರದು.